ವ್ಯಾನಿನ ಬೆನ್ನಿಗೊಂದು ಎಲೆಕ್ಟ್ರಿಕ್ ಸೈಕಲ್: ಆರಿಸುವುದು ಹೇಗೆ?

ಚಳಿಗಾಲದ ಬೆಳಗ್ಗೆ ಗಂಗಾವತಿಯಿಂದ ಆನೆಗೊಂದಿ, ಸಾಣಾಪುರದ ಕಡೆ ಹೊರಟರೆ ಭತ್ತದ ಗದ್ದೆಗಳ ಅಂಚಿನಲ್ಲಿ, ಮರದ ನೆರಳು ಸಿಕ್ಕಲ್ಲಿ, ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಕ್ಯಾಂಪರ್‌ವ್ಯಾನುಗಳು ನಿಂತಿರುವುದು ಈಗ ಕಣ್ಣಿಗೆ ಬೀಳುತ್ತದೆ. ಹೊರ ರಾಜ್ಯದ ನಂಬರ್ ಪ್ಲೇಟುಗಳಷ್ಟೇ ಅಲ್ಲ, ನಮ್ಮ ಕಡೆಯವರೂ ಹಳೆಯ ವ್ಯಾನಿನ ಹಿಂದಿನ ಸೀಟು ತೆಗೆಸಿ, ಹಲಗೆ ಹೊಡೆಸಿ, ಮಕ್ಕಳೊಂದಿಗೆ ಎರಡು ದಿನ ಹೊರಗೆ ಕಳೆಯುವುದನ್ನು ಕಲಿತಿದ್ದಾರೆ.

ಆದರೆ ವ್ಯಾನಿಗೆ ಒಂದು ತೊಡಕಿದೆ. ಒಮ್ಮೆ ನಿಲ್ಲಿಸಿ, ಹಾಸಿಗೆ ಬಿಚ್ಚಿ, ಒಲೆ ಹಚ್ಚಿದ ಮೇಲೆ ಅದು ಮನೆ. ಅರ್ಧ ಲೀಟರ್ ಹಾಲಿಗೆ ಮನೆಯನ್ನೇ ಎತ್ತಿಕೊಂಡು ಹೋಗಲಾಗದು. ಆನೆಗೊಂದಿಯ ಓಣಿಗಳಲ್ಲಿ ದೊಡ್ಡ ವ್ಯಾನು ತಿರುಗಿಸುವುದೂ ಕಷ್ಟ. ಹಾಗಾಗಿಯೇ ಕೊಪ್ಪಳದ ನಮ್ಮ ಬೀಗರು ಮೊನ್ನೆ ಫೋನ್ ಮಾಡಿ, ‘ವ್ಯಾನಿಗೊಂದು ಇ-ಬೈಕ್ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೇವೆ, ಯಾವುದು ಒಳ್ಳೆಯದು ಹೇಳಿ’ ಎಂದು ಕೇಳಿದರು. ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಏಕೆಂದರೆ ಈ ಸೈಕಲ್ಲನ್ನು ಅಂಗಡಿಯ ಗಾಜಿನ ಮುಂದೆ ನಿಂತು ಆರಿಸುವಂತಿಲ್ಲ, ನಮ್ಮ ವ್ಯಾನಿನ ಹಿಂಬಾಗಿಲ ಮುಂದೆ ನಿಂತು ಆರಿಸಬೇಕು. ಅದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಮೊದಲು ಹೆಸರಿನ ಗೊಂದಲ

ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್. ಆದ್ದರಿಂದ ಇ-ಬೈಕ್ ಎಂದೊಡನೆ ಎಲೆಕ್ಟ್ರಿಕ್ ಸ್ಕೂಟರ್ ನೆನಪಾಗುತ್ತದೆ. ಸ್ಕೂಟರ್ ನೂರು ಕೆ.ಜಿ.ಯ ಆಸುಪಾಸು ತೂಗುತ್ತದೆ, ಅದನ್ನು ವ್ಯಾನಿಗೆ ಏರಿಸಿ ಇಳಿಸುವುದು ಒಬ್ಬರಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಲ್ಲಿ ಮಾತನಾಡುತ್ತಿರುವುದು ಎಲೆಕ್ಟ್ರಿಕ್ ಸೈಕಲ್ ಬಗ್ಗೆ. ಪೆಡಲ್, ಚೈನು, ಬ್ರೇಕು ಎಲ್ಲ ಸಾಮಾನ್ಯ ಸೈಕಲ್ಲಿನಂತೆಯೇ. ಜೊತೆಗೆ ಒಂದು ಪುಟ್ಟ ಮೋಟಾರು, ಒಂದು ಬ್ಯಾಟರಿ, ಅವೆರಡರ ನಡುವೆ ಲೆಕ್ಕ ನೋಡುವ ಕಂಟ್ರೋಲರ್. ಬ್ಯಾಟರಿ ಮುಗಿದರೂ ತುಳಿದುಕೊಂಡು ವಾಪಸು ಬರಬಹುದು.

ಕಾನೂನು ಕೂಡ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ. ಮುಟ್ಟುವಷ್ಟರಲ್ಲಿ ಮೋಟಾರಿನ ನೆರವು ನಿಂತುಹೋಗುವ, ಬ್ಯಾಟರಿ ಬಿಟ್ಟು 60 ಕೆ.ಜಿ. ಮೀರದ ಸೈಕಲ್ ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಚಾಲನಾ ಪರವಾನಗಿ ಬೇಡ. ಹೆಚ್ಚು ಶಕ್ತಿಯ ಮೋಟಾರ್ ಕಿಟ್ ತರಿಸಿ ಹಳೆಯ ಸೈಕಲ್ಲಿಗೆ ಜೋಡಿಸಿದರೆ ಈ ವಿನಾಯಿತಿ ಹೋಗುತ್ತದೆ. ಹೆಲ್ಮೆಟ್ ಮಾತ್ರ ಕಾನೂನು ಕೇಳದಿದ್ದರೂ ಇರಲಿ.

250 ವ್ಯಾಟ್ ಎಂದರೆ ಅಡುಗೆಮನೆಯ ಮಿಕ್ಸಿಯ ಅರ್ಧದಷ್ಟೂ ಅಲ್ಲವಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ನಿತ್ಯ ಅಭ್ಯಾಸವಿಲ್ಲದವರು ಸೈಕಲ್ ತುಳಿಯುವಾಗ ಒಂದೇ ಸಮನೆ ಹಾಕಬಲ್ಲ ಶಕ್ತಿ ಸುಮಾರು 75ರಿಂದ 100 ವ್ಯಾಟ್. ಅಂದರೆ ಈ ಮೋಟಾರು, ನಿಮ್ಮ ಜೊತೆ ಇನ್ನಿಬ್ಬರು ಮೂವರು ಕುಳಿತು ತುಳಿದಂತೆ. ಬಯಲುಸೀಮೆಯ ರಸ್ತೆಗೆ ಅದು ಧಾರಾಳ.

ತೂಕ: ಒಂದು ಅಕ್ಕಿ ಚೀಲ

ಗಂಗಾವತಿಯ ಸೋನಾಮಸೂರಿಯ 25 ಕೆ.ಜಿ. ಚೀಲ ಎತ್ತಿದ ಅನುಭವ ಎಲ್ಲರಿಗೂ ಇದೆ. ಎಲೆಕ್ಟ್ರಿಕ್ ಸೈಕಲ್ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ: ಹಗುರವಾದದ್ದು 17-18 ಕೆ.ಜಿ., ದಪ್ಪ ಟೈರಿನ ಮಡಚುವ ಸೈಕಲ್ 25 ದಾಟುವುದೂ ಉಂಟು. ಅಕ್ಕಿ ಚೀಲವನ್ನಾದರೂ ತಬ್ಬಿ ಹಿಡಿಯಬಹುದು. ಸೈಕಲ್ಲಿಗೆ ಪೆಡಲ್ ಚಾಚಿಕೊಂಡಿರುತ್ತದೆ, ಹ್ಯಾಂಡಲ್ ಎತ್ತಲೋ ತಿರುಗುತ್ತದೆ, ಮೋಟಾರು ಹಿಂದಿನ ಚಕ್ರದಲ್ಲಿದ್ದರೆ ಭಾರವೆಲ್ಲ ಒಂದೇ ಕಡೆ ಜಗ್ಗುತ್ತದೆ. ಮನೆಯಲ್ಲಿ ಅತ್ಯಂತ ಕಡಿಮೆ ಬಲವಿರುವ ವಯಸ್ಕರು ಅದನ್ನು ಸೊಂಟದೆತ್ತರಕ್ಕೆ ಎತ್ತಬಲ್ಲರೇ ಎಂಬುದನ್ನು ಮೊದಲು ನೋಡಿ. ಎತ್ತುವ ಮುನ್ನ ಬ್ಯಾಟರಿ ಕಳಚಿದರೆ ಎರಡು ಮೂರು ಕೆ.ಜಿ. ಇಳಿಯುತ್ತದೆ. ಆದ್ದರಿಂದ ಬ್ಯಾಟರಿ ಕಳಚಲು ಬರುವ ಸೈಕಲ್ಲನ್ನೇ ಕೊಳ್ಳಬೇಕು. ಇದಕ್ಕೆ ಇನ್ನೂ ಎರಡು ಕಾರಣಗಳಿವೆ, ಮುಂದೆ ಬರುತ್ತವೆ.

ಸೈಕಲ್ಲನ್ನು ಎಲ್ಲಿ ಇಡುವುದು? ವ್ಯಾನಿನ ಚಾವಣಿಯ ಮೇಲೆ ಬೇಡ. ಎತ್ತುವುದೂ ಕಷ್ಟ, ಬಿಸಿಲಿಗೆ ಒಡ್ಡಿದಂತೆಯೂ ಆಗುತ್ತದೆ. ಉಳಿಯುವುದು ಎರಡು ದಾರಿ: ಮಡಚಿ ಒಳಗಿಡುವುದು, ಇಲ್ಲವೇ ಹಿಂಬದಿಗೆ ಸೈಕಲ್ ಕ್ಯಾರಿಯರ್ ಹಾಕಿಸುವುದು.

ಹಿಂಬದಿಗೆ ತೂಗುಹಾಕುವಾಗ ಎತ್ತಿನ ಗಾಡಿಯನ್ನು ನೆನೆಯಿರಿ. ಗಾಡಿಗೆ ಹುಲ್ಲು ಹೇರುವವರು ಅಚ್ಚಿನ ಹಿಂದೆ ಹೆಚ್ಚು ಹೇರುವುದಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ವ್ಯಾನಿನಲ್ಲೂ ನಡೆಯುವುದು ಇದೇ. ಎರಡು ಸೈಕಲ್, ಒಟ್ಟು 50 ಕೆ.ಜಿ., ಹಿಂದಿನ ಅಚ್ಚಿನಿಂದ 1.2 ಮೀಟರ್ ಆಚೆ ತೂಗುತ್ತಿವೆ ಎಂದುಕೊಳ್ಳಿ. ವ್ಯಾನಿನ ಎರಡು ಅಚ್ಚುಗಳ ನಡುವಿನ ಅಂತರ 2.4 ಮೀಟರ್. ಆಗ ಹಿಂದಿನ ಚಕ್ರಗಳ ಮೇಲೆ 50 ಅಲ್ಲ, 75 ಕೆ.ಜಿ. ಹೆಚ್ಚುವರಿ ಭಾರ ಬೀಳುತ್ತದೆ. ಆ 25 ಕೆ.ಜಿ. ಬಂದದ್ದು ಮುಂದಿನ ಚಕ್ರಗಳಿಂದ. ಸ್ಟೀರಿಂಗ್ ಇರುವುದು ಅಲ್ಲೇ! ಕಾರಿಗೆ ಕಟ್ಟುವ ಅಗ್ಗದ ಬೆಲ್ಟಿನ ಕ್ಯಾರಿಯರುಗಳನ್ನು ಸಾಮಾನ್ಯ ಸೈಕಲ್ಲಿನ ತೂಕಕ್ಕೆ ಮಾಡಿರುತ್ತಾರೆ. ‘ಪ್ರತಿ ಸೈಕಲ್ಲಿಗೆ ಗರಿಷ್ಠ ಇಷ್ಟು ಕೆ.ಜಿ.’ ಎಂದು ಅದರ ಮೇಲೆ ಬರೆದಿರುವುದನ್ನು ಓದದೆ ಕಟ್ಟಬೇಡಿ. ನಂಬರ್ ಪ್ಲೇಟ್, ಬ್ರೇಕ್ ದೀಪ ಮರೆಯಾಗುವಂತಿಲ್ಲ. ಹೊರಗೆ ಕಟ್ಟುವುದಾದರೆ ಬ್ಯಾಟರಿ ಕಳಚಿ ಒಳಗಿಟ್ಟುಕೊಳ್ಳಿ, ಸೈಕಲ್ಲಿನಲ್ಲಿ ಅದು ಕೂರುವ ಜಾಗದ ಲೋಹದ ತುದಿಗಳಿಗೆ ಧೂಳು ಕೂರದಂತೆ ಬಟ್ಟೆ ಸುತ್ತಿ. ಸಂಡೂರಿನ ಗಣಿ ರಸ್ತೆಗಳ ಕೆಂಪು ಧೂಳು ಎಂಥದ್ದೆಂದು ಬಲ್ಲವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ.

ಒಳಗಿಡುವವರಿಗೆ 20 ಇಂಚಿನ ಚಕ್ರದ ಮಡಚುವ ಸೈಕಲ್ ಅನುಕೂಲ. ಆದರೆ ಮಡಚುತ್ತದೆ ಎಂದ ಮಾತ್ರಕ್ಕೆ ಚಿಕ್ಕದಾಗುತ್ತದೆ ಎಂದು ನಂಬಬೇಡಿ. ನಾಲ್ಕು ಇಂಚು ದಪ್ಪದ ಟೈರಿದ್ದರೆ ಮಡಚಿದ ಮೇಲೂ ಅದು ಒಂದು ಮಂಚದ ಕೆಳಗಿನ ಜಾಗವನ್ನೆಲ್ಲ ನುಂಗುತ್ತದೆ. ಉದ್ದ, ಅಗಲ, ಎತ್ತರ ಮೂರನ್ನೂ ಟೇಪು ಹಿಡಿದು ಅಳೆಯಿರಿ.

ಬ್ಯಾಟರಿಯ ಲೆಕ್ಕ: ನೀರಿನ ಎತ್ತರ, ನೀರಿನ ಮೊತ್ತ

ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರುವುದು ‘ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್’ ಎಂಬ ಸಂಖ್ಯೆ. ಅದನ್ನು ಪಕ್ಕಕ್ಕಿಟ್ಟು ಬ್ಯಾಟರಿಯ ಮೇಲಿನ ಚೀಟಿ ನೋಡಿ. ಅಲ್ಲಿ ಎರಡು ಸಂಖ್ಯೆಗಳಿರುತ್ತವೆ: ವೋಲ್ಟ್ ಮತ್ತು ಆಂಪಿಯರ್-ಅವರ್.

ತುಂಗಭದ್ರಾ ಅಣೆಕಟ್ಟೆಯ ಪಕ್ಕದಲ್ಲಿ, ಮುನಿರಾಬಾದಿನಲ್ಲಿ, ವಿದ್ಯುದಾಗಾರವಿದೆ. ಅಲ್ಲಿ ಎಷ್ಟು ವಿದ್ಯುತ್ ಬರುತ್ತದೆ ಎಂಬುದು ನೀರು ಎಷ್ಟು ಎತ್ತರದಿಂದ ಬೀಳುತ್ತದೆ, ಒಟ್ಟು ಎಷ್ಟು ನೀರು ಬೀಳುತ್ತದೆ ಎಂಬ ಎರಡನ್ನೂ ಅವಲಂಬಿಸಿದೆ. ವೋಲ್ಟ್ ಎಂದರೆ ಆ ಎತ್ತರ. ಆಂಪಿಯರ್-ಅವರ್ ಎಂದರೆ ಆ ನೀರಿನ ಮೊತ್ತ. ಎರಡನ್ನೂ ಗುಣಿಸಿದರೆ ಸಿಗುವುದು ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ತುಂಬಿಟ್ಟಿರುವ ಶಕ್ತಿ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಎಂದರೆ 360 ವ್ಯಾಟ್-ಅವರ್. ಮನೆಯ ಕರೆಂಟು ಬಿಲ್ಲಿನ ಒಂದು ಯೂನಿಟ್ಟು 1,000 ವ್ಯಾಟ್-ಅವರ್. ಹಾಗಾದರೆ ಸೈಕಲ್ ತುಂಬಿಸಲು ಅರ್ಧ ಯೂನಿಟ್ಟೂ ಬೇಡ.

ಈ 360ರಲ್ಲಿ ಎಷ್ಟು ದೂರ? ನೀವೂ ತುಳಿಯುತ್ತ ಹೋದರೆ ಸಮತಟ್ಟಾದ ರಸ್ತೆಯಲ್ಲಿ ಕಿ.ಮೀ.ಗೆ ಸುಮಾರು 10 ವ್ಯಾಟ್-ಅವರ್ ಖರ್ಚಾಗುತ್ತದೆ, 36 ಕಿ.ಮೀ. ಬರಬಹುದು. ತುಳಿಯದೆ, ಸ್ಕೂಟರಿನ ಎಕ್ಸಿಲರೇಟರಿನಂತೆ ಬರೀ ಥ್ರಾಟಲ್ ತಿರುವಿಕೊಂಡು ಹೋದರೆ 18ರಿಂದ 20 ಬೇಕಾಗುತ್ತದೆ, ದೂರ ಅರ್ಧಕ್ಕಿಳಿಯುತ್ತದೆ. ಎದುರುಗಾಳಿ, ದಪ್ಪ ಟೈರು, ಹಿಂದೆ ಕೂರಿಸಿಕೊಂಡ ಮಗು, ಎಲ್ಲವೂ ಇದರಲ್ಲಿ ಪಾಲು ಕೇಳುತ್ತವೆ.

ಈಗ ನಮ್ಮ ಅಗತ್ಯ ನೋಡಿ. ಆನೆಗೊಂದಿಯಲ್ಲಿ ವ್ಯಾನು ನಿಲ್ಲಿಸಿ ಪಂಪಾ ಸರೋವರ, ಅಂಜನಾದ್ರಿಯ ತಪ್ಪಲು, ಸಾಣಾಪುರದ ಕೆರೆ ನೋಡಿಕೊಂಡು ಮರಳಿದರೆ ಇಪ್ಪತ್ತು ಕಿ.ಮೀ. ಆಸುಪಾಸು. ಮಸ್ಕಿಯಲ್ಲಿ ಊರ ಹೊರಗೆ ತಂಗಿ ಅಶೋಕನ ಶಾಸನದ ಬಂಡೆಗೆ ಹೋಗಿಬರುವುದಕ್ಕೆ ಅಷ್ಟೂ ಬೇಡ. ವ್ಯಾನು ದೂರದ ದಾರಿ ಸವೆಸುತ್ತದೆ, ಸೈಕಲ್ಲಿಗೆ ಉಳಿಯುವುದು ಕೊನೆಯ ಹತ್ತಿಪ್ಪತ್ತು ಕಿ.ಮೀ. ಮಾತ್ರ. ಆದ್ದರಿಂದ ನೂರು ಕಿ.ಮೀ. ಓಡುವ ಬ್ಯಾಟರಿಗೆ ಹೆಚ್ಚು ಹಣ ಕೊಟ್ಟು, ಹೆಚ್ಚು ತೂಕ ಹೊತ್ತು ತಿರುಗುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. 300ರಿಂದ 400 ವ್ಯಾಟ್-ಅವರ್ ಹೆಚ್ಚಿನವರಿಗೆ ಸಾಕು.

ಬಳ್ಳಾರಿ ಬಿಸಿಲು ಮತ್ತು ಲಿಥಿಯಂ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಅದು ಉತ್ಪ್ರೇಕ್ಷೆ ಇರಬಹುದು, ಆದರೆ ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ತಂಪು ದೇಶಗಳಲ್ಲಿ ಬರೆದ ಸಲಹೆಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಬ್ಯಾಟರಿ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಕಾಣುವುದು ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿಗಿಂತ ತುಸು ದಪ್ಪನೆಯ, 18 ಮಿ.ಮೀ. ಅಗಲ, 65 ಮಿ.ಮೀ. ಉದ್ದದ ಹತ್ತಾರು ಲಿಥಿಯಂ ಸೆಲ್ಲುಗಳ ಸಾಲು. ಒಂದೊಂದರದು ಸುಮಾರು 3.6 ವೋಲ್ಟ್, ಹತ್ತನ್ನು ಸಾಲಾಗಿ ಜೋಡಿಸಿದರೆ 36. ಇವುಗಳ ಮೇಲೆ ಕಣ್ಣಿಡಲು ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಎಂಬ ಒಂದು ಪುಟ್ಟ ಎಲೆಕ್ಟ್ರಾನಿಕ್ ಹಲಗೆ ಇರುತ್ತದೆ. ಕೆರೆಯ ನೀರನ್ನು ಗದ್ದೆಗದ್ದೆಗೆ ಅಳೆದು ಬಿಡುವ ನೀರುಗಂಟಿಯ ಕೆಲಸ ಅದರದು: ಯಾವ ಸೆಲ್ಲೂ ಮಿತಿಮೀರಿ ತುಂಬದಂತೆ, ಪೂರ್ತಿ ಬರಿದಾಗದಂತೆ, ಅತಿಯಾಗಿ ಕಾದರೆ ಹರಿವು ನಿಲ್ಲುವಂತೆ ನೋಡಿಕೊಳ್ಳುತ್ತದೆ.

ಬಹುಪಾಲು ಲಿಥಿಯಂ ಬ್ಯಾಟರಿಗಳನ್ನು ಚಾರ್ಜ್ ಮಾಡಲು ತಯಾರಕರು ಹೇಳುವ ಗರಿಷ್ಠ ಉಷ್ಣಾಂಶ 45 ಡಿಗ್ರಿ, ಬಳಸಲು 60 ಡಿಗ್ರಿ. ಹೊರಗೆ 40 ಇದ್ದಾಗ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಂತ ವ್ಯಾನಿನ ಒಳಗೆ ಒಂದು ಗಂಟೆಯಲ್ಲಿ 60ರ ಹತ್ತಿರ ಹೋಗುತ್ತದೆ. ಅಂದರೆ ಚಾರ್ಜ್ ಮಾಡುವುದಿರಲಿ, ಸುಮ್ಮನೆ ಇಡಲೂ ಅದು ಸರಿಯಾದ ಜಾಗವಲ್ಲ. ಶಾಖದಲ್ಲಿ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಅದು ಬೇಗ ಮುಪ್ಪಾಗುತ್ತದೆ. ಪೂರ್ತಿ ಚಾರ್ಜ್ ಆಗಿ ಕುಳಿತಿದ್ದರೆ ಇನ್ನೂ ಬೇಗ. ಹೀಗೆ ಹಾಳಾದದ್ದು ತಂಪು ಮಾಡಿದರೆ ಮರಳಿ ಬರುವುದಿಲ್ಲ. ಸೈಕಲ್ಲಿನ ಅತಿ ದುಬಾರಿ ಭಾಗ ಬ್ಯಾಟರಿಯೇ ಆದ್ದರಿಂದ ಇಲ್ಲಿ ಉದಾಸೀನ ಸಲ್ಲದು. ಕಳಚಿ ಒಯ್ಯಲು ಬರಬೇಕು ಎಂದೆನಲ್ಲ, ಅದಕ್ಕೆ ಎರಡನೆಯ ಕಾರಣ ಇದು. ವ್ಯಾನು ಬಿಸಿಲಲ್ಲಿ ನಿಂತರೆ ಬ್ಯಾಟರಿಯನ್ನು ನಿಮ್ಮೊಂದಿಗೇ ನೆರಳಿಗೆ ಒಯ್ಯಿರಿ. ಪ್ರವಾಸವಿಲ್ಲದ ತಿಂಗಳುಗಳಲ್ಲಿ ಅರ್ಧ ಚಾರ್ಜಿನಲ್ಲಿ, ಮನೆಯ ತಂಪಾದ ಮೂಲೆಯಲ್ಲಿ ಇಡಿ.

ಲಿಥಿಯಂನಲ್ಲೂ ಎರಡು ಬಗೆ ಸಿಗುತ್ತದೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸಿದ ಎನ್‌ಎಂಸಿ ಹಗುರ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದ ಎಲ್‌ಎಫ್‌ಪಿ ಅದೇ ಶಕ್ತಿಗೆ ಹೆಚ್ಚು ತೂಗುತ್ತದೆ, ಆದರೆ ಶಾಖ ತಾಳುತ್ತದೆ, ಹೆಚ್ಚು ಸಲ ಚಾರ್ಜ್ ಮಾಡಬಹುದು, ಬೆಂಕಿಯ ಅಪಾಯವೂ ಕಡಿಮೆ. ಎರಡೂ ಸಿಕ್ಕುವಂತಿದ್ದರೆ ನಮ್ಮ ಹವೆಗೆ ನಾನು ಎಲ್‌ಎಫ್‌ಪಿ ಆರಿಸುತ್ತೇನೆ.

ಬೆಂಕಿಯ ಮಾತು ಬಂದದ್ದರಿಂದ ಇಷ್ಟನ್ನು ಒತ್ತಿ ಹೇಳಲೇಬೇಕು. ವ್ಯಾನಿನ ಒಳಗೆ ಎಲ್ಲರೂ ಮಲಗಿರುವಾಗ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ಹಾಸಿಗೆಗೂ ಬಾಗಿಲಿಗೂ ನಡುವೆ ಅದನ್ನು ಇಡಬೇಡಿ. ಗ್ಯಾಸ್ ಸಿಲಿಂಡರಿನಿಂದ ದೂರವಿರಲಿ. ಕೆಳಗೆ ಬಿದ್ದು ಪೆಟ್ಟಾದ ಅಥವಾ ಉಬ್ಬಿದ ಬ್ಯಾಟರಿಗೆ ಮತ್ತೆ ಚಾರ್ಜರ್ ಸಿಕ್ಕಿಸಬೇಡಿ. ಸುಯ್ ಎಂಬ ಸದ್ದು, ಹೊಗೆ, ವಿಚಿತ್ರ ವಾಸನೆ ಬಂದರೆ ಸಾಮಾನು ಉಳಿಸಲು ಹೋಗದೆ ಮೊದಲು ಎಲ್ಲರೂ ಕೆಳಗಿಳಿಯಬೇಕು.

ವ್ಯಾನಿನಲ್ಲಿ ಚಾರ್ಜ್ ಆಗುತ್ತದೆಯೇ?

ಆಗುತ್ತದೆ, ಆದರೆ ಲೆಕ್ಕ ಬಿಗಿ. ಸೈಕಲ್ಲಿನ ಜೊತೆ ಬರುವ ಸಾಮಾನ್ಯ ಚಾರ್ಜರ್ 42 ವೋಲ್ಟ್, 2 ಆಂಪಿಯರ್. ಅಂದರೆ 84 ವ್ಯಾಟ್, ಒಂದು ಸೀಲಿಂಗ್ ಫ್ಯಾನಿನಷ್ಟು. ಖಾಲಿಯಾದ 360 ವ್ಯಾಟ್-ಅವರ್ ಬ್ಯಾಟರಿ ತುಂಬಲು ಸುಮಾರು ಐದು ಗಂಟೆ. ಇನ್ವರ್ಟರ್ ಮತ್ತು ಚಾರ್ಜರಿನಲ್ಲಿ ಪೋಲಾಗುವುದನ್ನು ಸೇರಿಸಿದರೆ ವ್ಯಾನಿನ ಬ್ಯಾಟರಿಯಿಂದ 450ರಷ್ಟು ಹೋಗುತ್ತದೆ. ಫ್ಯಾನು, ದೀಪ ನಡೆಸಲು 12 ವೋಲ್ಟ್, 100 ಆಂಪಿಯರ್-ಅವರ್‌ನ ಸೀಸ-ಆಮ್ಲದ ಬ್ಯಾಟರಿ ಇಟ್ಟಿದ್ದೀರಿ ಎನ್ನಿ. ಅದರಲ್ಲಿರುವುದು 1,200; ಅದರ ಆಯುಷ್ಯ ಕೆಡದಂತೆ ಬಳಸಬಹುದಾದದ್ದು ಅರ್ಧ, 600. ಒಂದು ಸೈಕಲ್ ತುಂಬಿಸಿದರೆ ರಾತ್ರಿ ಫ್ಯಾನಿಗೆ ಉಳಿಯುವುದು ಚೂರು. ಎರಡು ಸೈಕಲ್ಲಿದ್ದರೆ ಲೆಕ್ಕ ತಪ್ಪಿಯೇ ತಪ್ಪುತ್ತದೆ. ವ್ಯಾನು ಸ್ಟಾರ್ಟ್ ಮಾಡುವ ಮೂಲ ಬ್ಯಾಟರಿಯನ್ನಂತೂ ಈ ಕೆಲಸಕ್ಕೆ ಮುಟ್ಟಬಾರದು.

ಚಾವಣಿಯ ಮೇಲೆ 200 ವ್ಯಾಟಿನ ಸೌರಫಲಕವಿದ್ದರೆ ನಿರ್ಮಲ ಆಕಾಶದ ದಿನ ಹೆಚ್ಚುಕಡಿಮೆ 800 ವ್ಯಾಟ್-ಅವರ್ ಸಿಗುತ್ತದೆ. ಆದರೆ ಫಲಕಕ್ಕೆ ಬಿಸಿಲು ಬೇಕು, ಸೈಕಲ್ ಬ್ಯಾಟರಿಗೆ ನೆರಳು ಬೇಕು. ಹಗಲು ಫಲಕದಿಂದ ವ್ಯಾನಿನ ಬ್ಯಾಟರಿ ತುಂಬಿಸಿಕೊಂಡು, ಸಂಜೆ ಗಾಳಿ ತಂಪಾದ ಮೇಲೆ, ಅಡುಗೆ ಊಟ ನಡೆದು ಎಲ್ಲರೂ ಎಚ್ಚರವಿರುವ ಮೂರು ಗಂಟೆಯಲ್ಲಿ ಸೈಕಲ್ಲಿಗೆ ಹಾಕುವುದು ಇದಕ್ಕೆ ಹೊಂದುವ ಕ್ರಮ. ಪೂರ್ತಿ ತುಂಬಬೇಕೆಂದೇನಿಲ್ಲ, ನಾಳೆಯ ಇಪ್ಪತ್ತು ಕಿ.ಮೀ.ಗೆ ಆಗುವಷ್ಟಾದರೆ ಆಯಿತು. ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕದೆ ಒಂದು ಗಂಟೆ ಆರಲು ಬಿಡಿ. ಇನ್ವರ್ಟರ್ ಕೊಳ್ಳುವಾಗ ಪ್ಯೂರ್ ಸೈನ್‌ವೇವ್, ಅಂದರೆ ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದನ್ನೇ ಕೇಳಿ. ಅಗ್ಗದ ಇನ್ವರ್ಟರಿಗೆ ಸಿಕ್ಕಿಸಿದರೆ ಕೆಲವು ಚಾರ್ಜರುಗಳು ಅತಿಯಾಗಿ ಕಾಯುತ್ತವೆ.

ಬ್ಯಾಟರಿ ಕಳಚಲು ಬರಬೇಕೆಂಬುದಕ್ಕೆ ಮೂರನೆಯ ಕಾರಣ: ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡುವಷ್ಟು ಹೊತ್ತು, ಮಾಲೀಕರನ್ನು ಕೇಳಿ, ಸಾಮಾನ್ಯ 5 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಬಹುದು. ಒಂದು ಗಂಟೆಗೆ ಏಳೆಂಟು ಕಿ.ಮೀ. ದಾರಿಯ ಶಕ್ತಿ ಸೇರುತ್ತದೆ. ಆಗುವ ಖರ್ಚು ಹೆಚ್ಚುಕಡಿಮೆ ಒಂದು ರೂಪಾಯಿ, ಅದನ್ನು ಕೊಡುತ್ತೇನೆಂದು ಮೊದಲೇ ಹೇಳಿ.

ಮೋಟಾರು ಎಲ್ಲಿರಬೇಕು?

ಚಕ್ರದ ನಡುವಿನ ಗುಂಬದಲ್ಲಿದ್ದರೆ ಹಬ್ ಮೋಟಾರು. ಪೆಡಲ್ ಇರುವ ಜಾಗದಲ್ಲಿದ್ದರೆ ಮಿಡ್‌ಡ್ರೈವ್. ಹಬ್ ಮೋಟಾರು ಸರಳ, ಅಗ್ಗ, ನಮ್ಮಲ್ಲಿ ಸಿಗುವ ಹೆಚ್ಚಿನವು ಇವೇ. ಆದರೆ ದೀರ್ಘ ಏರಿನಲ್ಲಿ ನಿಧಾನವಾಗಿ ಹತ್ತುವಾಗ ಅದು ಕಾಯುತ್ತದೆ. ಮಿಡ್‌ಡ್ರೈವ್ ಸೈಕಲ್ಲಿನ ಗೇರುಗಳ ಮೂಲಕವೇ ಎಳೆಯುವುದರಿಂದ ಏರಿಗೆ ಒಗ್ಗುತ್ತದೆ, ಬೆಲೆ ಹೆಚ್ಚು, ರಿಪೇರಿ ಬಲ್ಲವರು ಕಡಿಮೆ. ಸಿಂಧನೂರು, ರಾಯಚೂರು, ಸಿರುಗುಪ್ಪದ ಬಯಲಿಗೆ ಹಬ್ ಸಾಕು. ಸಂಡೂರಿನ ಕುಮಾರಸ್ವಾಮಿ ಬೆಟ್ಟದಂಥ ಏರುಗಳೇ ನಿಮಗೆ ಪ್ರಿಯವಾದರೆ ಮಾತ್ರ ಮಿಡ್‌ಡ್ರೈವ್ ಯೋಚಿಸಿ.

ಇದಕ್ಕಿಂತ ದೊಡ್ಡ ವ್ಯತ್ಯಾಸ, ನೀವು ತುಳಿಯುವುದನ್ನು ಗಮನಿಸಿ ಮೋಟಾರಿಗೆ ತಿಳಿಸುವ ಸೆನ್ಸರಿನದು. ಗಾಡಿ ತಳ್ಳಲು ಇಬ್ಬರು ಹುಡುಗರು ಬಂದರೆಂದುಕೊಳ್ಳಿ. ಒಬ್ಬನು ಗಾಡಿ ಕದಲಿದೊಡನೆ ಹಿಂದುಮುಂದು ನೋಡದೆ ಒಂದೇ ಬಲದಲ್ಲಿ ದಬ್ಬುತ್ತಾನೆ. ಇನ್ನೊಬ್ಬನು ನೀವೆಷ್ಟು ಬಲ ಹಾಕುತ್ತಿದ್ದೀರಿ ನೋಡಿ ಅದಕ್ಕೆ ತಕ್ಕಂತೆ ತಳ್ಳುತ್ತಾನೆ. ಮೊದಲನೆಯದು ಕೇಡೆನ್ಸ್ ಸೆನ್ಸರ್, ಎರಡನೆಯದು ಟಾರ್ಕ್ ಸೆನ್ಸರ್. ಆನೆಗೊಂದಿಯ ಓಣಿಯಲ್ಲಿ ಕಟ್ಟೆಯ ಮೇಲೆ ಕುಳಿತ ಅಜ್ಜಂದಿರು, ಅಡ್ಡ ಬರುವ ಕುರಿಮರಿಗಳ ನಡುವೆ ಸಾಗುವಾಗ ಎರಡನೆಯದು ಹಿತ. ಯಾವುದೇ ಇರಲಿ, ಬ್ರೇಕ್ ಹಿಡಿದೊಡನೆ ಮೋಟಾರು ನಿಲ್ಲುವ ವ್ಯವಸ್ಥೆ ಮತ್ತು ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರಬೇಕು.

ಟೈರು ಮತ್ತು ಬಳ್ಳಾರಿ ಜಾಲಿ

ಒಂದು ಗಿಡಕ್ಕೆ ನಮ್ಮ ಊರಿನ ಹೆಸರೇ ಅಂಟಿಕೊಂಡಿದೆ: ಬಳ್ಳಾರಿ ಜಾಲಿ. ಕಾಲುವೆ ದಂಡೆ, ಕೆರೆ ಅಂಗಳ, ರಸ್ತೆ ಬದಿ, ಅದಿಲ್ಲದ ಜಾಗವಿಲ್ಲ. ಪಂಪಾ ಸರೋವರದ ಕಡೆಗೆ ಮೊದಲ ಸಲ ಸೈಕಲ್ ಒಯ್ದ ದಿನ ರಸ್ತೆಯಿಂದ ಹತ್ತು ಅಡಿ ಕೆಳಗಿಳಿಸಿ ನಿಲ್ಲಿಸಿದ್ದೆ. ಮರಳಿ ಬಂದಾಗ ಹಿಂದಿನ ಟೈರು ನೆಲಕ್ಕೆ ಅಂಟಿತ್ತು. ಮುಳ್ಳು ಕಾಣಿಸಲೇ ಇಲ್ಲ. ಟೈರಿನ ಒಳಮೈ ಮೇಲೆ ಬೆರಳಾಡಿಸಿದಾಗ ಚುಚ್ಚಿತು, ಅಕ್ಕಿ ಕಾಳಿನಷ್ಟು ತುದಿ ಮುರಿದು ಒಳಗೇ ಉಳಿದಿತ್ತು. ಅದನ್ನು ತೆಗೆಯದೆ ತೇಪೆ ಹಚ್ಚಿದ್ದರೆ ಮತ್ತೆ ಅರ್ಧ ಗಂಟೆಗೆ ಅದೇ ಕಥೆ.

ಹಬ್ ಮೋಟಾರಿನ ಚಕ್ರದಲ್ಲಿ ಇದು ಬರೀ ಕಿರಿಕಿರಿಯಲ್ಲ. ಚಕ್ರ ಕಳಚಲು ಮೋಟಾರಿನ ವೈರ್ ಬಿಡಿಸಬೇಕು, ದೊಡ್ಡ ನಟ್ಟು ಬಿಚ್ಚಬೇಕು. ಅದಕ್ಕೆ ಸಾಮಾನ್ಯವಾಗಿ 18 ನಂಬರಿನ ಸ್ಪ್ಯಾನರ್ ಬೇಕಾಗುತ್ತದೆ, ನಿಮ್ಮದಕ್ಕೆ ಯಾವುದೆಂದು ನೋಡಿ ಒಂದನ್ನು ವ್ಯಾನಿನಲ್ಲಿ ಇಟ್ಟುಬಿಡಿ. ಚಕ್ರ ಕಳಚದೆಯೂ, ಟೈರಿನ ಒಂದು ಅಂಚು ಸರಿಸಿ ಟ್ಯೂಬನ್ನು ಹೊರಗೆಳೆದು ತೇಪೆ ಹಾಕಬಹುದು; ಹಳ್ಳಿಯ ಸೈಕಲ್ ಶಾಪಿನವರಿಗೆ ಈ ಕೈಚಳಕ ಗೊತ್ತಿರುತ್ತದೆ, ಮೋಟಾರು ನೋಡಿ ಅವರು ಹಿಂಜರಿದರೆ ನೀವೇ ಹೇಳಿ. ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ದಪ್ಪ ಪಟ್ಟಿ, ಟ್ಯೂಬಿನೊಳಗೆ ತುಂಬುವ ಸೀಲಂಟ್ ದ್ರವ, ಎರಡನ್ನೂ ಕೊಂಡ ದಿನವೇ ಹಾಕಿಸಿದರೆ ಒಳ್ಳೆಯದು.

ಟೈರಿನ ಅಳತೆ ಆರಿಸುವಾಗ ಇನ್ನೊಂದು ಮಾತು. 26 ಇಂಚಿನ, ಎರಡು ಇಂಚು ದಪ್ಪದ ಟ್ಯೂಬು ಸಣ್ಣ ಊರಿನಲ್ಲೂ ಸಿಗಬಹುದು. 20 ಇಂಚಿನ, ನಾಲ್ಕು ಇಂಚು ದಪ್ಪದ್ದು ಹುಡುಕಿದರೂ ಸಿಗುವುದು ಕಷ್ಟ, ಎರಡು ಹೆಚ್ಚುವರಿ ಟ್ಯೂಬು ಜೊತೆಗಿರಲಿ. ರಾಯಚೂರು ಕಡೆಯ ಎರೆಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ದಪ್ಪ ಟೈರೂ ನೆರವಿಗೆ ಬರುವುದಿಲ್ಲ. ಮಣ್ಣು ಮಡ್‌ಗಾರ್ಡಿನ ಸಂದಿಯಲ್ಲಿ ಗಟ್ಟಿಯಾಗಿ ಕುಳಿತು ಚಕ್ರವೇ ನಿಲ್ಲುತ್ತದೆ. ಹಸಿ ಎರೆಗೆ ಸೈಕಲ್ ಇಳಿಸದಿರುವುದೇ ಉಪಾಯ. ಮೆತ್ತಿದ ಮಣ್ಣು ತೊಳೆಯಲು ಪಂಪಿನ ಜೋರು ನೀರು ಹಿಡಿಯಬೇಡಿ. ಸೈಕಲ್ಲಿನ ವಿದ್ಯುತ್ ಭಾಗಗಳು ಮಳೆಯ ಸಿಡಿತ ತಾಳುತ್ತವೆ, ಒತ್ತಡದ ನೀರನ್ನಲ್ಲ. ಒದ್ದೆ ಬಟ್ಟೆ ಸಾಕು.

ಅಂಗಡಿಗೆ ವ್ಯಾನನ್ನೇ ಒಯ್ಯಿರಿ

ಬೀಗರಿಗೆ ಕೊನೆಗೆ ನಾನು ಹೇಳಿದ್ದು ಇದು: ಮನೆಯವರನ್ನೂ ಕರೆದುಕೊಂಡು ವ್ಯಾನಿನಲ್ಲೇ ಅಂಗಡಿಗೆ ಹೋಗಿ. ಪ್ರವಾಸಕ್ಕೆ ಹೊರಟಾಗ ಇರುವ ಸಾಮಾನೆಲ್ಲ ಒಳಗಿರಲಿ. ಅಂಗಡಿಯವರು ಮಡಚಿ ತೋರಿಸಿದರೆ ಒಪ್ಪಬೇಡಿ, ನೀವೇ ಮಡಚಿ, ನೀವೇ ಎತ್ತಿ ಇಟ್ಟು, ಬಾಗಿಲು ಮುಚ್ಚಿ ನೋಡಿ. ಮತ್ತೆ ಇಳಿಸಿ. ಒಂದು ಏರು ರಸ್ತೆ ಹುಡುಕಿ ಓಡಿಸಿ. ಬಳಿಕ ಮೋಟಾರು ಬಂದ್ ಮಾಡಿ ಅದೇ ರಸ್ತೆಯಲ್ಲಿ ತುಳಿದು ನೋಡಿ, ಬ್ಯಾಟರಿ ಮುಗಿದ ದಿನದ ಸೈಕಲ್ ಅದು. ಬ್ಯಾಟರಿಗೆ ಎಷ್ಟು ವರ್ಷದ ವಾರಂಟಿ, ಬೇರೆ ಬ್ಯಾಟರಿ ಬೇಕಾದರೆ ಬೆಲೆ ಎಷ್ಟು, ಸರ್ವಿಸ್ ಬಳ್ಳಾರಿಯಲ್ಲೇ ಸಿಗುತ್ತದೆಯೇ ಅಥವಾ ಬೆಂಗಳೂರಿಗೆ ಕಳುಹಿಸಬೇಕೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬ್ಯಾಟರಿಯ ಬೀಗಕ್ಕೆ ಎರಡು ಕೀಲಿಕೈ ಕೊಟ್ಟಿದ್ದರೆ ಒಂದನ್ನು ವ್ಯಾನಿನ ಕೀಲಿಗೊಂಚಲಿಗೆ ಸೇರಿಸಿ, ಇನ್ನೊಂದನ್ನು ಮನೆಯಲ್ಲಿಟ್ಟು ಹೊರಡಿ.